ಪಾಟ್ಲಿ ಬದ್ಲಿ ಬಂದ ಡಬ್ಬಿ

ಹೋದ ವರ್ಷ ಶ್ರಾವಣದಾಗ ಭಿಶಿ ನನಗ ಎದ್ದದ್ದು ನಿಮಗೆಲ್ಲಾ ಗೊತ್ತೇ ಅದ. ಇಪ್ಪತ್ತು ಮಂದಿ, ತಿಂಗಳಿಗೆ 2,000, ಕೈಗೆ ಬಂದದ್ದು 40,000. ಹಳೇ ಬಂಗಾರಕ್ಕ ಅಷ್ಟು ಕೂಡಿಸಿ ಪಾಟ್ಲಿ ಮಾಡಸ್ತೇನಿ ಅಂತ ನಾನೇ ಎಲ್ಲಾರ ಮುಂದ ಹೇಳಿಕೊಂಡಿದ್ದೆ. ಪಾಟ್ಲಿ ಯಾರಿಗೂ ಕಾಣಸ್ಲಿಲ್ಲ. ಅದರ ಬದ್ಲಿ ಸಂಜಿ ಆರಕ್ಕ ನಮ್ಮ ಮಹಡಿ ಮ್ಯಾಲಿಂದ ಗಿಟಾರಿನ ಸಪ್ಪಳ ಕೇಳಸ್ಲಿಕತ್ತು. ಹಿಂದಿನ ಮನಿ ಕಾಕು ಮೊನ್ನೆ ತುಳಸಿಕಟ್ಟಿ ಮುಂದ ನಿಂತು ನೆಟ್ಟಗ ಕೇಳೇಬಿಟ್ರು, "ಏನವಾ, ಪಾಟ್ಲಿ ರೊಕ್ಕ ಆ ಡಬ್ಬ್ಯಾಗ ಹಾಕೀಯಂತ, ಖರೇನ?" ಖರೇ ಅದ ಕಾಕು. ಒಬ್ಬೊಬ್ಬರಿಗೆ ಹೇಳಿ ಹೇಳಿ ಬಾಯಿ ನೋಯ್ಲಿಕತ್ತದ, ಅದಕ್ಕ ಒಮ್ಮೆ ಎಲ್ಲಾ ಬರದುಬಿಡ್ತೇನಿ.

ನನ್ನ ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಗಿಟಾರ್ ಹಿಡದು ನಾಲ್ಕು ವರ್ಷಾತು. ಕರೆಂಟಿನ ಗಿಟಾರಿಗೆ ತನ್ನ ದನಿ ಅಂಬೂದು ಇರೂದಿಲ್ಲ, ಆಂಪ್ ಅನ್ನೋ ಡಬ್ಬಿಗೆ ಹಚ್ಚಿದ್ರನ ಮಾತಾಡೂದು. ಅವನ ಹತ್ರ 8,000ದ್ದು ಒಂದು ಸಣ್ಣ ಆಂಪ್ ಇತ್ತು. ಅಷ್ಟಿದ್ರ ಸಾಲದ? ಸಾಲದಂತ. ಅವಂಗ ವಾಲ್ವಿನ ಆಂಪ್ ಬೇಕು. ಟ್ಯೂಬ್ ಆಂಪ್ ಅಂತನೂ ಅಂತಾರ. ನಾ ಮೊದಲ ಟ್ಯೂಬ್‌ಲೈಟ್ ಅಂತ ತಿಳಕೊಂಡು ನಕ್ಕಿದ್ದೆ.

ನಮ್ಮ ವಯಸ್ಸಿನವರಿಗೆ ವಾಲ್ವ್ ಹೊಸಾದಲ್ಲ. ಹಳೇ ರೇಡಿಯೋ ನೆನಸಿಕೊಳ್ರಿ. ಬಟನ್ ತಿರುವಿದ ಕೂಡ್ಲೆ ಮಾತಾಡ್ತಿದ್ದಿಲ್ಲ. ಒಳಗ ಗಾಜಿನ ಬುಡ್ಡಿ ಕೆಂಪಗಾಗೂತನಕಾ ಕಾಯಬೇಕಿತ್ತು, ಆಮ್ಯಾಲೆ ನಿಧಾನಕ ಧಾರವಾಡ ಆಕಾಶವಾಣಿ ಬರ್ತಿತ್ತು. ಆ ಬುಡ್ಡಿನೇ ವಾಲ್ವ್. ನಮ್ಮ ಅಪ್ಪಾ ಗದಗಿನ್ಯಾಗ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ರು, ನಾ ಆ ಬುಡ್ಡಿಗಳ ನಡುವನ ಬೆಳದಾಕಿ. 1947ರಾಗ ಅಮೇರಿಕಾದಾಗ ಟ್ರಾನ್ಸಿಸ್ಟರ್ ಕಂಡುಹಿಡದ್ರು. ಅದು ಊರೂರಿಗೆ ಬಂದ ಮ್ಯಾಲೆ ಅಪ್ಪನ ಅಂಗಡಿ ಮಂದ ಆಗ್ಲಿಕತ್ತು. ಗಿಟಾರಿನ ಮಂದಿ ಮಾತ್ರ ಇವತ್ತಿಗೂ ವಾಲ್ವ್ ಬಿಟ್ಟಿಲ್ಲ ಅಂಬೂದು ನನಗ ಮಗ ಹೇಳೂತನಕಾ ಗೊತ್ತಿದ್ದಿಲ್ಲ.

ದಸರಾಕ್ಕ ಬೆಂಗಳೂರಿಗೆ ತಂಗಿ ಮನಿಗೆ ಹೋದಾಗ ನನ್ನೂ ಅಂಗಡಿಗೆ ಎಳಕೊಂಡು ಹೋದ. "ಆಯಿ, ನೀ ಬರೇ ಕೇಳು, ತಗೋ ಅನ್ನೂದಿಲ್ಲ" ಅಂದ. ನಾ ಗ್ವಾಡಿ ಕಡೆ ಮಾರಿ ಮಾಡಿ ಕೂತೆ, ಯಾವುದು ಬಾರಸ್ತಾನ ನೋಡಬಾರ್ದಂತ. ಮೊದಲನೇದು ಟ್ರಾನ್ಸಿಸ್ಟರಿನ್ದು, ಸುಮಾರು 10,000. ಸಣ್ಣಗ ಬಾರಸೂತನಕಾ ಛಲೋ ಇತ್ತು, ಜೋರು ಮಾಡಿದ ಕೂಡ್ಲೆ ತಗಡು ಕೊಯ್ದಂಗ ಕಿವ್ಯಾಗ ಚುಚ್ಚಿತು. ಎರಡನೇದು ಕಂಪ್ಯೂಟರ್ ಚಿಪ್ ಹಾಕಿದ್ದು, ಹತ್ತೆಂಟು ಆಂಪಿನ ದನಿ ನಕಲು ಮಾಡ್ತದ, 28,000. ಖರೇ ಹೇಳ್ತೇನಿ, ಅದು ನನಗ ಸಾಕನಸ್ತು. ಮಗಂಗ ಹಂಗ ಹೇಳಿದ್ರ ಮಾರಿ ಸಣ್ಣ ಮಾಡಿದ.

ಮೂರನೇದು ಫೆಂಡರ್ ಕಂಪನೀದು, ಎರಡು ವಾಲ್ವಿನ ಜೋಡಿ ಮ್ಯಾಲೆ 15 ವ್ಯಾಟ್, 70,000ದ ಮ್ಯಾಲೆ. ಅವ ಮೆತ್ತಗ ತಂತಿ ಮುಟ್ಟಿದ್ರ ತಿಳಿಸಾರಿನಂಗ ತಿಳಿ. ಜೋರಾಗಿ ಮೀಟಿದ್ರ ಅದೇ ದನಿ ದಪ್ಪಾಗ್ತಾ ಹೋತು, ಹರೀಲಿಲ್ಲ. ಬಟನ್ ಮುಟ್ಟೇ ಇಲ್ಲ, ಬರೇ ಬೆರಳಿನ ಫರಕು. ಅಲ್ಲೇ ನನಗ ಒಂಚೂರು ತಿಳೀಲಿಕತ್ತು. ಆಂಪಿನ ತಾಕತ್ತು ಮೀರಿ ಸಪ್ಪಳ ಬಂದಾಗ ಟ್ರಾನ್ಸಿಸ್ಟರ್ ಅದರ ತಲಿ ಕಚಕ್ಕನ ಕತ್ತರಸ್ತದ. ವಾಲ್ವ್ ಹಂಗ ಮಾಡೂದಿಲ್ಲ, ನಿಧಾನಕ ಬಗ್ಗಸ್ತದ. ತಾರಸಪ್ತಕಕ್ಕ ಹೋದಾಗ ಕೆಲವರ ದನಿ ಒಡೀತದ, ಕೆಲವರದು ತುಂಬಿಕೊಂಡು ನಿಲ್ತದ, ಹಂಗ. ಗಂಗೂಬಾಯಿ ಹಾನಗಲ್ ಅವರ ಹಾಡು ಕೇಳಿದ ನಮ್ಮೂರ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೇದು ವಾಕ್ಸ್ ಅನ್ನೋ ಇಂಗ್ಲೆಂಡಿನ ಹೆಸರಿನ್ದು, ಬೀಟಲ್ಸ್ ಹುಡುಗರು ಬಾರಸ್ತಿದ್ದ ಕಂಪನಿ. ಅದೂ 15 ವ್ಯಾಟ್, ಅದರಾಗೂ ಅದೇ ಜಾತಿ ವಾಲ್ವ್ ಎರಡು, ರೇಟ್ ಒಂದೂವರಿ ಲಕ್ಷ ದಾಟಿತ್ತು! ಮ್ಯಾಲಿನ ತಂತಿ ಗೆಜ್ಜಿ ಅಲಗಾಡಿಸಿದಂಗ ಕೇಳಸ್ತಿತ್ತು, ಅದು ಖರೇ. ಆದ್ರ ವ್ಯಾಟ್ ಅಷ್ಟೇ, ಬುಡ್ಡಿ ಅಷ್ಟೇ, ರೊಕ್ಕ ಎರಡು ಪಟ್ಟು ಯಾಕ? ಅಂಗಡಿ ಹುಡುಗ ಪಾಪ ಸಮಾಧಾನದಿಂದ ಹೇಳಿದ. ಮೊದಲಿನ್ದರೊಳಗ ಎಲ್ಲಾ ಸಾಮಾನು ಒಂದು ಅಚ್ಚಿನ ಬೋರ್ಡಿನ ಮ್ಯಾಲೆ ಮಶೀನು ಕೂಡಿಸಿರ್ತದ. ಇದರಾಗ ಒಂದೊಂದು ತಂತಿ ಮನಷ್ಯಾ ಕೂತು ಕೈಲೆ ಬೆಸದಿರ್ತಾನ. ಅಂಗಡಿ ರಗ್ಗಿಗೂ ಅಜ್ಜಿ ಹೊಲದ ಕೌದಿಗೂ ಇದ್ದಂಗ ಅನ್ರಿ. ಎರಡೂ ಚಳಿ ತಡೀತಾವ. ಕೌದಿ ಹರದ್ರ ಹರದಲ್ಲೇ ಹೊಲೀಬಹುದು, ರಗ್ಗು ಹರದ್ರ ಒಗೀಬೇಕು. ಅದು ಬಿಟ್ರ ರೊಕ್ಕ ತಿನ್ನೂದು ಒಳಗಿನ ಟ್ರಾನ್ಸ್‌ಫಾರ್ಮರು, ಎಲ್ಲಾ ಕಬ್ಬಿಣ ಮತ್ತ ತಾಮ್ರ. ಸಣ್ಣ ವಾಲ್ವ್ ಆಂಪೂ 14-15 ಕಿಲೋ ತೂಗೂದು ಅದರ ಸಲುವಾಗೇ. ನನ್ನ ಕಿವಿಗೆ ಮಾತ್ರ ಎರಡು ಪಟ್ಟು ರೊಕ್ಕದಷ್ಟು ಫರಕು ಕೇಳಸ್ಲಿಲ್ಲ.

ಇನ್ನೊಂದು ಮಾತು. ನಿಮ್ಮ ಮನಿ ಹುಡುಗರು 30 ವ್ಯಾಟಿನ್ದು ಬೇಕು ಅಂತ ಗಂಟು ಬಿದ್ರ ಒಪ್ಪಬ್ಯಾಡ್ರಿ. ವ್ಯಾಟ್ ಎರಡು ಪಟ್ಟಾದ್ರ ಸಪ್ಪಳ ಎರಡು ಪಟ್ಟಾಗೂದಿಲ್ಲ, ಮೂರೇ ಮೂರು ಡೆಸಿಬೆಲ್ ಏರ್ತದ, ಅಂದ್ರ ಸ್ವಲ್ಪ ಜಾಸ್ತಿ ಅನಸ್ತದ ಅಷ್ಟೇ. ಮನಿಗೆ 5 ವ್ಯಾಟೇ ಹೆಚ್ಚು.

ಊರಿಗೆ ಬಂದ ಮ್ಯಾಲೆ ನಮ್ಮ ಮನಿಯವರು ಒಂದೇ ಮಾತಿನ್ಯಾಗ ಮುಗಸಿದ್ರು, "ಮೊದಲ ಬ್ಯಾಕ್‌ಲಾಗ್ ತಗೀಲಿ." ಎರಡು ಸಬ್ಜೆಕ್ಟ್ ಉಳದಿದ್ವು, ಅವರ ಮಾತೂ ತಪ್ಪಲ್ಲ. ಮಗ ಮತ್ತ ಕೇಳ್ಲಿಲ್ಲ. ಆದ್ರ ಒಂದು ರಾತ್ರಿ ನೀರು ಕುಡೀಲಿಕ್ಕೆ ಎದ್ದಾಗ, ಅವ ಫೋನಿನ್ಯಾಗ ಯಾರ ಹತ್ರನೋ ಸಾಲ ಕೇಳೂದು ಕೇಳಸ್ತು. ಬೆಳಗಾವಿಯ ಹುಡುಗ ಒಬ್ಬ ಪರದೇಶಕ್ಕ ಹೊಂಟಿದ್ದ, ತನ್ನ ವಾಲ್ವ್ ಆಂಪ್ 36,000ಕ್ಕ ಕೊಡವ. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಗೊತ್ತಿಲ್ಲದವರ ಹತ್ರ ಬಡ್ಡಿಗೆ ತಗೊಂಡ್ರ ಏನ್ ಗತಿ? ಮುಂಜಾನೆ ಭಿಶಿ ರೊಕ್ಕ ತಗದು ಅವನ ಕೈಯಾಗ ಇಟ್ಟೆ. ಮನಿಯವರಿಗೆ, ಯಾರೋ ಗೆಳ್ಯಾ ಸ್ವಲ್ಪ ದಿನ ಇಟ್ಟು ಹೋಗ್ಯಾನ ಅಂತ ಸುಳ್ಳು ಹೇಳಿದೆ. ಮಾಡಿದ್ದು ಮಾಡಿದ್ದೇ, ಇಲ್ಲಿ ಮುಚ್ಚಿಡೂದೇನದ.

ಸಂಕ್ರಾಂತಿ ಹೊತ್ತಿಗೆ ಡಬ್ಬಿ ಕೆಟ್ಟು ಕೂತು. ಗುಂಯ್ ಅನ್ನೂದು, ಇದ್ದಕ್ಕಿದ್ದಂಗ ದನಿ ಕುಸಿಯೂದು, ಮ್ಯಾಲೆ ತಟ್ಟಿದ್ರ ಮತ್ತ ಬರೂದು. ಒಂದು ರಿಪೇರಿ ಅಂಗಡಿಗೆ ಫೋಟೋ ಕಳಸಿದ್ರ, ಬೋರ್ಡೇ ಬದಲಿಸಬೇಕು, 14,000, ಗ್ಯಾರಂಟಿ ಇಲ್ಲ ಅಂದ್ರು. ನಾ ಅಡಗಿ ಮನ್ಯಾಗ ಎಳ್ಳು ಹುರೀತಾ ಅಳ್ಲಿಕತ್ತಿದ್ದೆ.

ನಮ್ಮ ಅವ್ವ ಹೋದ ಮ್ಯಾಲೆ ಅಪ್ಪಾ ನಮ್ಮ ಹತ್ರನ ಇರ್ತಾರ. ವಯಸ್ಸು 81. ಮಾತು ಭಾಳ ಕಡಿಮಿ ಆಗ್ಯದ, ಪಡಸಾಲ್ಯಾಗ ಕುರ್ಚಿ ಮ್ಯಾಲೆ ಕೂತು ರಸ್ತಾ ನೋಡ್ತಾರ. ಅವತ್ತು ಅಲ್ಲಿಂದನ ಕೇಳಿದ್ರು, "ಅದರಾಗ ಯಾವ ವಾಲ್ವ್ ಅದಾವೋ?"

ಮಗ ಹೇಳಿದ, "ಎರಡು ಇಎಲ್84, ಮೂರು 12ಎಎಕ್ಸ್7, ಅಜ್ಜಾ."

"12ಎಎಕ್ಸ್7 ಅಂದ್ರ ಅಮೇರಿಕಾದ ಹೆಸರು. ನಾವು ಇಸಿಸಿ83 ಅಂತಿದ್ವಿ."

ಎದ್ದು ಒಳಗ ಹೋದ್ರು, ಟ್ರಂಕಿನಿಂದ ಬಿಸ್ಕೀಟಿನ ತಗಡಿನ ಡಬ್ಬಿ ತಂದ್ರು. ಹಳೇ ಪೇಪರಿನ್ಯಾಗ ಸುತ್ತಿದ ನಾಲ್ಕು ಇಎಲ್84, ಮ್ಯಾಲೆ ಬಿಇಎಲ್ ಅಂತ ಅಚ್ಚು. ನಮ್ಮ ಬೆಂಗಳೂರಿನ ಜಾಲಹಳ್ಳಿಯೊಳಗ ಭಾರತ್ ಎಲೆಕ್ಟ್ರಾನಿಕ್ಸ್‌ನವರು ಮಾಡಿದ್ದು. ರೇಡಿಯೋದಾಗ ಸ್ಪೀಕರಿಗೆ ದನಿ ಕೊಡ್ತಿದ್ದದ್ದು ಇದೇ ವಾಲ್ವಂತ. ಈಗ ಹೊಸಾವು ಬರೂದು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ. ಮಗ ಆ ಬುಡ್ಡಿ ನೋಡಿದ ರೀತಿ ನೋಡಬೇಕಿತ್ತು ನೀವು, ನಾವು ವಜ್ರದ ಮೂಗುಬಟ್ಟು ನೋಡ್ತೇವಲ್ಲಾ, ಹಂಗ.

ಪ್ಲಗ್ ತಗದು ಇಟ್ಟಿದ್ರೂ ಅಪ್ಪಾ ಅವನ ಕೈಗೆ ಫಟ್ಟನ ಹೊಡದ್ರು. ಇದನ್ನ ಎಲ್ಲಾರೂ ನೆನಪಿಡ್ರಿ. ವಾಲ್ವ್ ಆಂಪಿನೊಳಗ 300 ವೋಲ್ಟಿನ ಮ್ಯಾಲೆ ಕರೆಂಟ್ ಇರ್ತದ, ಪ್ಲಗ್ ಕಿತ್ತ ಮ್ಯಾಲೂ ಕಂಡೆನ್ಸರಿನ್ಯಾಗ ಕೂತಿರ್ತದ, ಜೀವಾ ಹೋಗಬಹುದು. ಅಪ್ಪಾ ರೆಸಿಸ್ಟರ್ ಹಚ್ಚಿದ ತಂತಿಯಿಂದ ಅದನ್ನ ಇಳಸಿ, ಮೀಟರಿನ್ಯಾಗ ಸೊನ್ನಿ ನೋಡಿದ ಮ್ಯಾಲೇ ಮುಟ್ಟಲಿಕ್ಕೆ ಬಿಟ್ರು. ಚಾಲೂ ಇದ್ದಾಗ ನೋಡೂದಾದ್ರ ಒಂದು ಕೈ ಬೆನ್ನ ಹಿಂದ ಇಡಬೇಕಂತ. ಎರಡೂ ಕೈ ಮುಟ್ಟಿದ್ರ ಕರೆಂಟ್ ಎದಿ ದಾಟಿ ಹೋಗ್ತದ. ಸ್ಪೀಕರ್ ತಂತಿ ಕಿತ್ತು ಆಂಪ್ ಚಾಲೂ ಮಾಡೂದಂತೂ ಬ್ಯಾಡೇ ಬ್ಯಾಡ, ಆ ತುಟ್ಟಿ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋಗಬಹುದು.

ತಪ್ಪು ಸಿಕ್ಕದ್ದು ಬೂದುಗಾಜಿನ್ಯಾಗ. ವಾಲ್ವಿನ ಕಾಲು ಬೋರ್ಡಿನ ಮ್ಯಾಲೇ ಕೂತಿದ್ವು, ಕಾವಿಗೆ ಬೆಸಗಿ ಸುತ್ತ ಕೂದಲಿನಷ್ಟು ಸಣ್ಣ ಬಿರುಕು. ಒಂದು ವಾಲ್ವೂ ಸೋತಿತ್ತು. ಅಪ್ಪನ ಕೈ ನಡಗ್ತಾವ, ಕಾದ ಕಡ್ಡಿ ಹಿಡೀಲಿಕ್ಕೆ ಆಗ್ಲಿಲ್ಲ. ಒಮ್ಮೆ ನೋಡಿದ್ರು, ಎರಡನೇ ಸಲ ಮೊಮ್ಮಗನ ಕೈಗೆ ಕೊಟ್ರು. "ಮೊದಲ ಜಾಗಾ ಕಾಸು, ಆಮ್ಯಾಲೆ ಶೀಸಾ ಹಚ್ಚು. ಶೀಸಾ ತಾನ ಹರೀಬೇಕು." ಎರಡು ತಾಸು ಇಬ್ಬರೂ ತಲಿಗೆ ತಲಿ ಹಚ್ಚಿ ಕೂತಿದ್ರು. ನಾಲ್ಕರಾಗ ಸಮಾ ಇದ್ದ ಎರಡನ್ನ ಆರಿಸಿ ಜೋಡಿ ಹಾಕಿದ್ರು.

ವಾಲ್ವ್ ಕಾಯೂತನಕಾ ಮಗ ಕಥಿ ಹೇಳ್ಲಿಕತ್ತ. ಫೆಂಡರ್ ಕಂಪನಿ ಕಟ್ಟಿದ ಲಿಯೋ ಫೆಂಡರ್ 1938ರಾಗ ಕ್ಯಾಲಿಫೋರ್ನಿಯಾದ ಫುಲರ್ಟನ್ನಿನ್ಯಾಗ ರೇಡಿಯೋ ರಿಪೇರಿ ಅಂಗಡಿ ತಗದವನಂತ, ಅವಂಗ ಗಿಟಾರ್ ಬಾರಸ್ಲಿಕ್ಕೇ ಬರ್ತಿದ್ದಿಲ್ಲಂತ. ಲಂಡನ್ನಿನ್ಯಾಗ ಡ್ರಮ್ಮಿನ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಾಗ ಅವನ ಒಂದು ಆಂಪ್ ನೋಡಿಕೊಂಡು ತನ್ನ ಮೊದಲನೇದು ಮಾಡಿಸಿದನಂತ. ಅಪ್ಪಾ ಪೂರ್ತಿ ಕೇಳಿ, "ಮತ್ತ ನಾ ಗದಗಿನ್ಯಾಗ ಕೂತು ಏನ್ ಮಾಡಿದೆನೋ!" ಅಂತ ನಕ್ಕರು. ಅವ್ವ ಹೋದ ಮ್ಯಾಲೆ ಅಪ್ಪನ ನಗು ನಾ ಕೇಳಿದ್ದು ಅವತ್ತೇ.

ಆ ಹೊತ್ತಿಗೇ ನಮ್ಮ ಮನಿಯವರು ಆಫೀಸಿಂದ ಬಂದ್ರು. ಮೇಜಿನ ತುಂಬಾ ಬಿಚ್ಚಿಟ್ಟ ಡಬ್ಬಿ ನೋಡಿ, "ಗೆಳ್ಯಾಂದು ಯಾಕ ಬಿಚ್ಚೀರಿ?" ಅಂದ್ರು. ಹೇಳಿಬಿಟ್ಟೆ. ಎರಡು ದಿನಾ ನನ್ನ ಕೂಡ ಮಾತಾಡ್ಲಿಲ್ಲ. ಮೂರನೇ ದಿನಾ ತಾವೇ ಆ ಡಬ್ಬಿ ಹೊತಗೊಂಡು ಮಹಡಿ ಮ್ಯಾಲೆ ಇಟ್ಟು ಬಂದು, "ಸೊಂಟ ಹೋತು, ಚಹಾ ಮಾಡು" ಅಂದ್ರು. ಬ್ಯಾಕ್‌ಲಾಗ್ ಒಂದು ಹೋಗ್ಯದ, ಇನ್ನೊಂದು ಉಳದದ.

ಭಿಶಿಯೊಳಗಿಂದು 4,000 ಉಳದಿತ್ತು, ಅದರಾಗ ಅಪ್ಪಂಗ ಹೊಸಾ ಮೀಟರ್ ತಂದ್ವಿ. ಕಾಕು, ಬಾರಸೂದು ಆರರಿಂದ ಏಳು ಅಷ್ಟೇ ಅಂತ ತಾಕೀತು ಮಾಡೇನಿ. ಏಳರ ಮ್ಯಾಲೆ ಕೇಳಿಸಿದ್ರ ನನಗ ಫೋನ್ ಮಾಡ್ರಿ, ಅಪ್ಪಂಗ ಮಾಡಬ್ಯಾಡ್ರಿ. ಅವರೇ "ಇನ್ನೊಂದು ಬಾರಸು" ಅಂತ ಕೂತಿರ್ತಾರ.