ಹುಂಜದ ಹರೆಯ

ಕೋಳಿ ಸಾಕುವವನಿಗೆ ಲಾಭವು ಮೊಟ್ಟೆಯಿಂದಲೋ ಮಾಂಸದಿಂದಲೋ ಒದಗಬಹುದಾದರೂ, ರಸವೆಂಬುದು ಮಾತ್ರ ಹರೆಯಕ್ಕೆ ಕಾಲಿಡುತ್ತಿರುವ ಹುಂಜಗಳನ್ನು ನೋಡುತ್ತ ಕುಳಿತವನಿಗೇ ದೊರೆಯತಕ್ಕದ್ದೆಂದು ನನ್ನ ದೃಢವಾದ ನಂಬಿಕೆ. ಹುಂಜವು ಭಾರಿ ತಳಿಯದಾದರಂತೂ ಆ ರಸವು ಬಹು ನಿಧಾನವಾಗಿ ಪಾಕಕ್ಕೆ ಬರುತ್ತದೆ. ಬಿಳಿಯ ಲೆಗ್‌ಹಾರ್ನ್ ಹುಂಜವು ನಾಲ್ಕೈದು ತಿಂಗಳಿಗೇ ಯಜಮಾನಿಕೆಗೆ ಸಿದ್ಧವಾದರೆ, ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜನಿಗೆ ಆರು ತಿಂಗಳಾದರೂ ಬೇಕು. ಜರ್ಸಿ ಜೈಂಟ್‌ನಂತಹ ಪರದೇಶದ ಮಹಾಕಾಯಗಳಿಗೆ ಎಂಟು ತಿಂಗಳೂ ಸಾಲದೆ ಹೋಗುವುದುಂಟು.

ತುರುವನೂರಿನ ನಮ್ಮ ಹಿತ್ತಲಿನಲ್ಲಿ ಬೆಳೆದ ಗಿರಿರಾಜ ಮರಿಗಳು ಎರಡು ತಿಂಗಳಿಗೆಲ್ಲ ಒಂದು ಕಿಲೋ ದಾಟಿದುವು. ಆದರೆ ಮೈ ಬಂದಷ್ಟು ಬೇಗ ಗಾಂಭೀರ್ಯ ಬರಲಿಲ್ಲ. ಮೊದಲು ಜುಟ್ಟು ಕೆಂಪೇರಿತು. ಅನಂತರ, ಹ್ಯಾಟೆಗಳ ಕತ್ತಿನ ಗರಿ ದುಂಡಗೇ ಉಳಿದಿರಲು, ಹುಂಜಗಳ ಕತ್ತು ಬೆನ್ನುಗಳಲ್ಲಿ ಚೂಪಾದ ಹೊಳೆಯುವ ಗರಿಗಳು ಒಂದೊಂದಾಗಿ ಇಳಿಬಿದ್ದುವು. ಕಾಲಿನ ಮುಳ್ಳು ಮಾತ್ರ ಜೋಳದ ಕಾಳಿನಷ್ಟೇ ಇದ್ದಿತು.

ಮೊದಲ ಕೂಗು ಕೇಳಿದುದು ಒಂದು ಸಂಜೆ. 1939ರಲ್ಲಿ ನಿಜಲಿಂಗಪ್ಪನವರ ಮುಂದಾಳ್ತನದಲ್ಲಿ ಈಚಲುಮರಗಳಿಗೆ ಕೊಡಲಿಯಿಕ್ಕಿ ಈ ಊರು ನಡೆಸಿದ ಸತ್ಯಾಗ್ರಹದ ಕಥೆಯನ್ನು ಹಿರಿಯರೊಬ್ಬರು ಜಗಲಿಯ ಮೇಲೆ ವೀರಾವೇಶದಿಂದ ನಿರೂಪಿಸುತ್ತಿರಲು, ಎಣ್ಣೆ ಕಾಣದ ಬಾವಿಯ ರಾಟೆಯಂತೆ ಒಂದು ಸ್ವರವೆದ್ದು, ಅರ್ಧಕ್ಕೇ ಮುರಿದುಬಿದ್ದಿತು. ಕಥೆ ನಿಂತಿತು, ಎಲ್ಲರೂ ನಕ್ಕರು. “ಮೇಷ್ಟ್ರೇ, ಕೂಗೋಕೆ ಶುರು ಮಾಡ್ತಲ್ಲ, ಇನ್ನೇನು ಕಾಯೋದು? ಹಬ್ಬಕ್ಕೆ ಕೊಟ್ಟುಬಿಡಿ” ಎಂದರು ಪಕ್ಕದ ಮನೆಯವರು. ಕೂಗಿದ ಮಾತ್ರಕ್ಕೇ ಪ್ರೌಢತೆ ಬಂದಿತೆನ್ನುವುದಾದರೆ, ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಹುಂಜವೂ ಕೂಗಿದೆಯಷ್ಟೆ!

ನಾನು ಕಾಯುತ್ತಿದ್ದ ಲಕ್ಷಣವೇ ಬೇರೆ. ಹುಂಜವು ನೆಲದಲ್ಲಿ ಕಾಳನ್ನು ಕಂಡೊಡನೆ ಕೊಕ್ಕಿನಿಂದ ಎತ್ತಿ, ಇಳಿಸಿ, ಮತ್ತೆ ಎತ್ತಿ, ‘ಟುಕ್ ಟುಕ್’ ಎಂದು ಹ್ಯಾಟೆಗಳನ್ನು ಕರೆಯುವುದಷ್ಟೆ. ಎಳೆಯ ಪ್ರಾಯದಲ್ಲಿ ನಮ್ಮ ದೊಡ್ಡ ಹುಂಜವು ಈ ಉಪಚಾರವನ್ನೆಲ್ಲ ಯಥಾವತ್ತಾಗಿ ನೆರವೇರಿಸಿ, ಹ್ಯಾಟೆ ಓಡಿಬರುವಷ್ಟರಲ್ಲಿ ಕಾಳನ್ನು ತಾನೇ ನುಂಗಿಬಿಡುತ್ತಿದ್ದಿತು. ಸಾಲದುದಕ್ಕೆ, ಒಂದು ರೆಕ್ಕೆಯನ್ನು ನೆಲಕ್ಕೆ ಸವರುತ್ತ ಅದರ ಸುತ್ತ ಕುಣಿಯಲು ಹೋಗಿ, ತನ್ನ ಭಾರಕ್ಕೆ ತಾನೇ ಮುಗ್ಗರಿಸುತ್ತಿದ್ದಿತು. ಹಬ್ಬವೂ ಕಳೆದು, ಜೋಳದ ಕೊಯ್ಲೂ ಮುಗಿದ ಮೇಲೆ ಒಂದು ದಿನ ಅದು ಕಾಳನ್ನು ಎತ್ತಿತು, ಕರೆಯಿತು, ಹ್ಯಾಟೆಯ ಮುಂದೆ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿಯಿತು. ಹ್ಯಾಟೆ ತಿನ್ನುವವರೆಗೂ ಕತ್ತೆತ್ತಿ ಆಕಾಶದ ಕಡೆ ಹದ್ದಿಗಾಗಿ ಒಂದು ಕಣ್ಣಿಟ್ಟಿದ್ದಿತು.

ಎಂಟು ಹತ್ತು ಹ್ಯಾಟೆಗಳಿಗೆ ಒಂದು ಹುಂಜ ಸಾಕೆಂಬುದು ಸಾಕುವವರ ಲೆಕ್ಕ. ಆ ಒಂದನ್ನು ಆರಿಸುವಾಗ ಲೋಕವು ತಕ್ಕಡಿಯನ್ನು ನಂಬುತ್ತದೆ. ನಾನು, ಬಾಯಿಗೆ ಬಂದ ಕಾಳನ್ನು ಬಿಟ್ಟುಕೊಡಬಲ್ಲ ಕೊಕ್ಕನ್ನು ನಂಬುತ್ತೇನೆ.