ಗೊಂಬೆಯೋ, ಆಟಿಕೆಯೋ?

ಮಕ್ಕಳ ಪಾಲಿಗೆ ಗೊಂಬೆಯೂ ಒಂದೇ, ಆಟಿಕೆಯೂ ಒಂದೇ. ಸುಂಕದ ಕಟ್ಟೆಯಲ್ಲಿ ಮಾತ್ರ ಹಾಗಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಮನುಷ್ಯರೂಪದ್ದು ‘ಗೊಂಬೆ’. ಆಮದು ಸುಂಕ ನೂರಕ್ಕೆ 12. ಪ್ರಾಣಿಯೋ ಮನುಷ್ಯನಲ್ಲದ ಬೇರೆ ಜೀವಿಯೋ ಆದರೆ ಅದು ‘ಆಟಿಕೆ’. ಸುಂಕ ನೂರಕ್ಕೆ 6.8.

ಟಾಯ್ ಬಿಜ್ ಕಂಪನಿ ಚೀನಾದಿಂದ ‘ಎಕ್ಸ್-ಮೆನ್’ ಚಿತ್ರಕಥೆಗಳ ವೀರರ ಪುಟ್ಟ ಪ್ರತಿಮೆಗಳನ್ನು ತರಿಸಿತು. ಸುಂಕದವರು ಗೊಂಬೆ ಎಂದರು. ಕಂಪನಿ ಕೋರ್ಟಿನ ಮೆಟ್ಟಿಲೇರಿತು. ಮುಷ್ಟಿಯಿಂದ ಉಗುರು ಚಾಚುವ ವುಲ್ವರಿನ್ ಮನುಷ್ಯ ಹೇಗಾದಾನು? ನ್ಯೂಯಾರ್ಕಿನ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯದ ನ್ಯಾಯಾಧೀಶೆ ಜೂಡಿತ್ ಬಾರ್ಜಿಲೇ ಹತ್ತಾರು ಪ್ರತಿಮೆಗಳನ್ನು ಪರಿಶೀಲಿಸಿ (ಯಾವ ಮಗುವಿಗೂ ಹೊಟ್ಟೆಕಿಚ್ಚಾಗುವ ಕೆಲಸ!) 2003ರಲ್ಲಿ ತೀರ್ಪಿತ್ತರು: ಇವು ಮನುಷ್ಯರ ಪ್ರತಿರೂಪಗಳಲ್ಲ, ಆಟಿಕೆಗಳು.

ಕಂಪನಿ ಗೆದ್ದಿತು. ಆ ಕಥೆಗಳನ್ನು ಓದಿ ಬೆಳೆದವರು ಮಾತ್ರ ಪೆಚ್ಚಾದರು. 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಸೃಷ್ಟಿಸಿದ ಈ ವೀರರ ಗೋಳೇ ಅದಲ್ಲವೆ? ಹುಟ್ಟಿನಿಂದಲೇ ಬೇರೆ ಥರ ಇರುವ ಅವರನ್ನು ಜನ ತಮ್ಮವರೆಂದು ಒಪ್ಪುವುದಿಲ್ಲ. ‘ನಾವೂ ಮನುಷ್ಯರೇ’ ಎಂದು ತೋರಿಸಿಕೊಡುವುದರಲ್ಲೇ ಅವರ ಆಯುಷ್ಯ ಸವೆಯುತ್ತದೆ. ಕೊನೆಗೆ, ತೀರ್ಪಿನ ಹೊತ್ತಿಗೆ ಕಥೆಗಳ ಒಡೆತನವೂ ಯಾರ ಬಳಗದಲ್ಲಿತ್ತೋ ಅವರ ವಕೀಲರೇ ನೂರಕ್ಕೆ 5.2ರ ಉಳಿತಾಯಕ್ಕಾಗಿ ‘ಇವರು ಮನುಷ್ಯರಲ್ಲ’ ಎಂದು ವಾದಿಸಿ ಗೆದ್ದರು. ಕಾನೂನಿನ ಲೆಕ್ಕದಲ್ಲಿ ತಪ್ಪೇನಿಲ್ಲ. ಆದರೂ ಸೋತ ಸುಂಕದವರ ವಾದದಲ್ಲೇ ಆ ವೀರರಿಗೆ ಹೆಚ್ಚು ಮರ್ಯಾದೆ ಇತ್ತು.

2007ರಲ್ಲಿ ಅಂತರರಾಷ್ಟ್ರೀಯ ಸುಂಕ ಪಟ್ಟಿ ಪರಿಷ್ಕರಣೆಯಾದಾಗ ಗೊಂಬೆ, ಆಟಿಕೆ ಎರಡೂ 9503 ಎಂಬ ಒಂದೇ ಶೀರ್ಷಿಕೆಯಡಿ ಸೇರಿದವು.