ಬೌಲ್ಸ್ ಅಂಗಳದ ಎರಡು ನಿಯಮಗಳು

ಬೌಲ್ಸ್ ಎಂಬ ಆಟವಿದೆಯೆಂದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದದ್ದು 2022ರ ಆಗಸ್ಟ್ 2ರಂದು. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಲವ್ಲಿ ಚೌಬೆ, ಪಿಂಕಿ, ನಯನಮೋನಿ ಸೈಕಿಯಾ ಮತ್ತು ರೂಪಾ ರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿ ಚಿನ್ನ ಗೆದ್ದರು. ಮರುದಿನ ದೆಹಲಿಯ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಇದು ಯಾವ ಆಟ? ಉತ್ತರ ಹೇಳಬಲ್ಲವನು ನಾನೊಬ್ಬನೇ ಇದ್ದೆ. ಅದಕ್ಕೆ ಕೆಲವು ವರ್ಷಗಳ ಹಿಂದೆ ಸರಕಾರ ನನ್ನನ್ನು ತರಬೇತಿಗೆಂದು ಇಂಗ್ಲೆಂಡಿಗೆ ಕಳುಹಿಸಿತ್ತು. ಅಲ್ಲಿನ ಸಣ್ಣ ಊರೊಂದರಲ್ಲಿ ನಾನು ಬಾಡಿಗೆಗಿದ್ದ ಮನೆಯ ಹಿಂದೆಯೇ ಒಂದು ಚಿಕ್ಕ ಬೌಲ್ಸ್ ಕ್ಲಬ್ಬು ಇತ್ತು.

ಆಟ ನೋಡಲು ಸರಳ. ಮಟ್ಟಸವಾದ ಹುಲ್ಲಂಗಳದಲ್ಲಿ ‘ಜ್ಯಾಕ್’ ಎಂಬ ಪುಟ್ಟ ಚೆಂಡನ್ನು ಉರುಳಿಸಿ ಬಿಡುತ್ತಾರೆ. ಅನಂತರ ಆಟಗಾರರು ತಮ್ಮ ತಮ್ಮ ಬೌಲುಗಳನ್ನು ಅದರ ಸಮೀಪಕ್ಕೆ ಉರುಳಿಸಬೇಕು. ಬೌಲು ಪೂರ್ತಿ ಗುಂಡಗಿರುವುದಿಲ್ಲ. ಅದರ ಒಂದು ಬದಿಯನ್ನು ಬೇಕೆಂದೇ ತುಸು ಬೇರೆಯಾಗಿ ರೂಪಿಸಿರುತ್ತಾರೆ. ಆದ್ದರಿಂದ ವೇಗ ಕುಂದಿದಂತೆ ಅದು ಒಂದು ಪಕ್ಕಕ್ಕೆ ಬಾಗುತ್ತದೆ. ಜ್ಯಾಕಿನತ್ತ ನೇರವಾಗಿ ಬಿಟ್ಟವನ ಬೌಲು ಜ್ಯಾಕನ್ನು ತಲುಪುವುದಿಲ್ಲ. ತೋಳ್ಬಲಕ್ಕಿಂತ ಅಂದಾಜು ಮುಖ್ಯವಾದ್ದರಿಂದ ಎಪ್ಪತ್ತು ದಾಟಿದವರೂ ಹದಿನೈದರ ಹುಡುಗಿಯೂ ಸರಿಸಮನಾಗಿ ಆಡಬಹುದು. ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತದಲ್ಲಿ ಬರುವ ‘ರಬ್’ ಎಂಬ ಮಾತು ಈ ಅಂಗಳದ್ದೇ. ಉರುಳುವ ಬೌಲಿಗೆ ಎದುರಾಗುವ ಅಡ್ಡಿಗೆ ಆ ಹೆಸರು. ಎಂ.ಎ. ಪರೀಕ್ಷೆಗೆಂದು ಉರುಹೊಡೆದಿದ್ದ ಅಡಿಟಿಪ್ಪಣಿಯೊಂದು ನನ್ನ ಕಾಲ ಬುಡದಲ್ಲೇ ಉರುಳುತ್ತಿತ್ತು.

ಆದರೆ ಇದು ಬಹುಕಾಲ ಬಾಗಿಲು ಮುಚ್ಚಿಕೊಂಡೇ ಆಡಿದ ಆಟ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1541ರಲ್ಲಿ ಬಂದ ಕಾನೂನು ಕಸಬುದಾರರೂ ಆಳುಕಾಳುಗಳೂ ಕ್ರಿಸ್‌ಮಸ್ ಹೊರತು ಬೇರೆ ದಿನಗಳಲ್ಲಿ ಬೌಲ್ಸ್ ಆಡಕೂಡದೆಂದು ವಿಧಿಸಿತು. ಅದು ರದ್ದಾದದ್ದು 1845ರಲ್ಲಿ. 1903ರಲ್ಲಿ ಇಂಗ್ಲೆಂಡಿನ ಗಂಡಸರ ಬೌಲ್ಸ್ ಸಂಘ ಸ್ಥಾಪನೆಯಾದಾಗ ಕ್ರಿಕೆಟ್ಟಿನ ಡಬ್ಲ್ಯು. ಜಿ. ಗ್ರೇಸ್ ಅದರ ಮೊದಲ ಅಧ್ಯಕ್ಷರಾದರು. ಹೆಂಗಸರ ಸಂಘ ಬೇರೆಯೇ ಇತ್ತು. ಎರಡೂ ಒಂದಾಗಲು 2008 ಬರಬೇಕಾಯಿತು.

ನನ್ನ ನೆರೆಯ ಕ್ಲಬ್ಬಿಗೆ ಕಾನೂನಿನ ಅಡ್ಡಿಯೇನೂ ಇರಲಿಲ್ಲ. ಅದಕ್ಕಿದ್ದ ಕೊರತೆ ಜನರದು. ಕಾರ್ಯದರ್ಶಿ ನಿವೃತ್ತ ಬಸ್ ಚಾಲಕರು. ಬೇಲಿಯಾಚೆ ನಿಂತು ನೋಡುತ್ತಿದ್ದ ನನ್ನನ್ನು ಕರೆದು ಚಹಾ ಕೊಟ್ಟ ದಿನವೇ ಅವರು ತಮ್ಮ ಕಷ್ಟವನ್ನೂ ಹೇಳಿಕೊಂಡರು: “ಹುಲ್ಲಿಗೆ ಸದಸ್ಯರ ಲೆಕ್ಕ ಗೊತ್ತಿಲ್ಲ. ಹತ್ತು ಜನ ಆಡಿದರೂ ನೂರು ಜನ ಆಡಿದರೂ ಅದು ಅಷ್ಟೇ ಬೆಳೆಯುತ್ತದೆ.” ಬೇಸಿಗೆಯುದ್ದಕ್ಕೂ ಹುಲ್ಲು ಕತ್ತರಿಸಬೇಕು, ನೀರು ಬಿಡಬೇಕು. ಆಟದ ಕಾಲ ಮುಗಿದ ಮೇಲೆ ಒಣಹುಲ್ಲನ್ನು ಕೆರೆದು ತೆಗೆದು, ನೆಲಕ್ಕೆ ತೂತು ಹೊಡೆದು, ಮರಳುಮಣ್ಣು ಹರಡಿ, ಹೊಸ ಬೀಜ ಬಿತ್ತಬೇಕು. ಖರ್ಚು ಅಷ್ಟೇ ಇದ್ದು ಸದಸ್ಯರು ಕಡಿಮೆಯಾದರೆ ಉಳಿದವರ ಚಂದಾ ಏರುತ್ತದೆ. ಚಂದಾ ಏರಿದರೆ ಇನ್ನಿಬ್ಬರು ಬಿಡುತ್ತಾರೆ. ವರ್ಷಕ್ಕೆ ನಾಲ್ಕೈದು ಮಂದಿಯನ್ನು ಕ್ಲಬ್ಬು ಸ್ಮಶಾನಕ್ಕೂ ಕಳುಹಿಸಿಕೊಡುತ್ತಿತ್ತು. ಅವರ ಲೆಕ್ಕವನ್ನು ಅವರು ಮೆಲುದನಿಯಲ್ಲಿ ಹೇಳಿದರು.

ಅಂಗಡಿಗಳಲ್ಲಿ ಭಿತ್ತಿಪತ್ರ ಅಂಟಿಸಿದ್ದರು, ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರು. ಬಂದವರು ಯಾರೂ ಇಲ್ಲ. ‘ಸದಸ್ಯರಾಗಿರಿ’ ಎಂಬ ಕರೆಯಲ್ಲೇ ತೊಡಕಿತ್ತು. ಆಡಿಯೇ ನೋಡದ ಆಟಕ್ಕೆ ಯಾರು ತಾನೇ ಚಂದಾ ಕಟ್ಟುತ್ತಾರೆ? ಆ ವರ್ಷ ಅವರು ಬೇರೆ ದಾರಿ ಹಿಡಿದರು. ಗುರುವಾರ ಸಂಜೆ, ದುಡಿಯುವವರು ಮನೆಗೆ ಮರಳುವ ಹೊತ್ತಿಗೆ, ಗೇಟನ್ನು ಸುಮ್ಮನೆ ತೆರೆದಿಡುವುದು. ಬಂದವರ ಕೈಗೆ ಮೊದಲ ಐದು ನಿಮಿಷದಲ್ಲೇ ಬೌಲು ಕೊಡುವುದು. ಅರ್ಜಿಯ ಮಾತು ಆಮೇಲೆ. ಹೊಸಬರೊಬ್ಬರಿಗೆ ಹಳಬರೊಬ್ಬರು ಜೊತೆ. ಮೊದಲ ಆರು ಸಂಜೆ ಅವರೇ ಹೊಣೆ. ಬಾರದಿದ್ದರೆ ಒಂದು ಫೋನು. ಮೊದಲ ವರ್ಷ ಅರ್ಧ ಚಂದಾ.

ಹಳಬರಲ್ಲಿ ಇದಕ್ಕೆ ವಿರೋಧವಿತ್ತು. ಜೀನ್ಸ್ ತೊಟ್ಟ ಹುಡುಗರು, ಓಡಾಡುವ ಮಕ್ಕಳು, ಜೋರು ನಗು. ಅಂಗಳದಲ್ಲಿ ಬಿಳಿ ಉಡುಪು ತೊಡುವುದು ಅಲ್ಲಿನ ಬಹುಕಾಲದ ರೂಢಿ. “ಎಲ್ಲವನ್ನೂ ಬಿಟ್ಟುಕೊಟ್ಟರೆ ಉಳಿಯುವುದಾದರೂ ಏನು?” ಎಂದು ಹಿರಿಯ ಮಹಿಳೆಯೊಬ್ಬರು ಕೇಳಿದರು. ಪ್ರಶ್ನೆ ಹಗುರವಾದದ್ದಲ್ಲ, ಅವರು ನಲವತ್ತು ವರ್ಷ ಆ ಹುಲ್ಲನ್ನು ಕಾಪಾಡಿದವರು. ಕಾರ್ಯದರ್ಶಿ ಹೇಳಿದ್ದು ಇಷ್ಟು: ನಮ್ಮಲ್ಲಿ ಎರಡು ನಿಯಮಗಳಿವೆ. ಬಿಳಿ ಉಡುಪು ಒಂದು, ಚಪ್ಪಟೆ ಅಟ್ಟೆಯ ಬೂಟು ಇನ್ನೊಂದು. ಹಿಮ್ಮಡಿಯ ಬೂಟು ತುಳಿದರೆ ಅಂಗಳ ಹಾಳಾಗುತ್ತದೆ, ಆಟವೇ ನಿಲ್ಲುತ್ತದೆ. ಅದನ್ನು ಯಾರಿಗೂ ಸಡಿಲಿಸುವುದಿಲ್ಲ. ಬಿಳಿ ಉಡುಪು ಇಲ್ಲದಿದ್ದರೆ ಹಾಳಾಗುವುದು ನಮ್ಮ ಅಭ್ಯಾಸ ಮಾತ್ರ. ಪಂದ್ಯದ ದಿನಕ್ಕೆ ಅದಿರಲಿ, ಗುರುವಾರ ಬೇಡ.

ಬಂದವರೆಲ್ಲ ಉಳಿಯಲಿಲ್ಲ. ಉಳಿದವರನ್ನು ನಾನು ಗಮನಿಸಿದೆ: ಹೆಂಡತಿಯನ್ನು ಕಳೆದುಕೊಂಡ ಒಬ್ಬರು, ಪಾಳಿಯ ಕೆಲಸದ ನರ್ಸು, ಪೋಲೆಂಡಿನಿಂದ ಬಂದ ದಂಪತಿ, ಶಾಲೆಯ ಇಬ್ಬರು ಹುಡುಗಿಯರು. ಇವರಲ್ಲಿ ಪ್ರತಿಯೊಬ್ಬರಿಗೂ ಬೇಗನೆ ಒಂದು ಕೆಲಸ ಸಿಕ್ಕಿತ್ತು. ಒಬ್ಬರು ಅಂಕದ ಹಲಗೆ ಬರೆಯುತ್ತಿದ್ದರು, ಇನ್ನೊಬ್ಬರಿಗೆ ಚಹಾದ ಸರದಿ. ನನಗೂ ಜ್ಯಾಕಿನಿಂದ ಬೌಲಿಗಿರುವ ದೂರ ಅಳೆಯುವ ಟೇಪು ಹಿಡಿಯುವ ಪದವಿ ದೊರೆಯಿತು. ನಾನು ಹೊರಡುವ ಹೊತ್ತಿಗೆ ಗುರುವಾರದ ಸಂಜೆ ಅಂಗಳದ ಎಲ್ಲ ಸಾಲುಗಳಲ್ಲೂ ಆಟ ನಡೆಯುತ್ತಿತ್ತು. ಪ್ರಶ್ನೆ ಕೇಳಿದ್ದ ಹಿರಿಯರು ಆ ಹುಡುಗಿಯರಿಗೆ ಬೌಲು ಹಿಡಿಯುವ ಬಗೆ ಹೇಳಿಕೊಡುತ್ತಿದ್ದರು, ಬಿಳಿಯ ಉಡುಪಿನಲ್ಲೇ.

ದೆಹಲಿಗೆ ಮರಳಿ ನಮ್ಮ ಬಡಾವಣೆಯ ಪುಟ್ಟ ಕನ್ನಡ ಬಳಗದ ಸಭೆಗೆ ಹೋದಾಗ ಈ ಲೆಕ್ಕಗಳೆಲ್ಲ ನೆನಪಾಗಿದ್ದವು. ಸಭಾಂಗಣದ ಬಾಡಿಗೆಗೂ ಸದಸ್ಯರ ಲೆಕ್ಕ ಗೊತ್ತಿಲ್ಲ. ಮುಂದಿನ ಸಾಲಿನಲ್ಲಿ ಪ್ರತಿ ವರ್ಷ ಒಂದೆರಡು ಕುರ್ಚಿ ಖಾಲಿಯಾಗುತ್ತವೆ. ಹಿಂದಿನ ಸಾಲು ತುಂಬುವುದಿಲ್ಲ. ಹೊರನಾಡಿನಲ್ಲಿರುವ ನಮಗೆಲ್ಲ ಗೊತ್ತಿರುವ ದೃಶ್ಯವೇ ಇದು.

ಹಿಂದಿನ ಸಾಲು ಏಕೆ ತುಂಬುವುದಿಲ್ಲವೆಂಬುದಕ್ಕೆ ನನ್ನ ಮನೆಯಲ್ಲೇ ಒಂದು ಉತ್ತರವಿದೆ. ದೆಹಲಿಯಲ್ಲೇ ಹುಟ್ಟಿ ಬೆಳೆದ ಮಗಳು, ಹದಿನಾಲ್ಕರ ವಯಸ್ಸಿನಲ್ಲಿ, ಒಂದು ರಾಜ್ಯೋತ್ಸವದ ನಿರೂಪಣೆಗೆ ನಿಂತು ‘ಅಧ್ಯಕ್ಷರು ಬಂದಿದೆ’ ಎಂದುಬಿಟ್ಟಳು. ಸಭೆ ನಕ್ಕಿತು. ಮುಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ತಿದ್ದಿದರು. ಯಾರಲ್ಲೂ ಕುಹಕವಿರಲಿಲ್ಲ, ನಗುವಿನಲ್ಲಿ ಅಕ್ಕರೆಯೇ ಇತ್ತೆಂದು ನಾನು ಬಲ್ಲೆ. ಆದರೆ ಮರುವರ್ಷ ಅವಳು, “ಅಪ್ಪಾ, ನೀವು ಹೋಗ್ಬನ್ನಿ, ನಾನು ಬರಲ್ಲ” ಎಂದಳು. ಅಲ್ಲಿಂದೀಚೆಗೆ ಬಂದಿಲ್ಲ.

ನಮ್ಮ ಚಪ್ಪಟೆ ಅಟ್ಟೆ ಯಾವುದು, ಬಿಳಿ ಉಡುಪು ಯಾವುದು? ನನಗೆ ತೋರುವಂತೆ, ಸಭೆಯೊಳಗೆ ಎಲ್ಲರೂ ಕನ್ನಡದಲ್ಲೇ ಮಾತನಾಡಲು ಯತ್ನಿಸುವುದು ಚಪ್ಪಟೆ ಅಟ್ಟೆ. ಅದನ್ನು ಬಿಟ್ಟರೆ ಅಂಗಳವೇ ಇಲ್ಲ. ಹಿಂದಿಯಲ್ಲಿ ನಡೆಯುವ ಕನ್ನಡ ಬಳಗ ಯಾರಿಗೂ ಬೇಡ. ಮುಖ್ಯ ಅತಿಥಿ, ಹಾರ, ಶಾಲು, ಒಂದೂವರೆ ಗಂಟೆಯ ಉಪನ್ಯಾಸ, ತಪ್ಪಿಲ್ಲದ ವ್ಯಾಕರಣ, ಇವೆಲ್ಲ ಬಿಳಿ ಉಡುಪು. ನವೆಂಬರಿಗೆ ಇರಲಿ. ಉಳಿದ ತಿಂಗಳುಗಳಲ್ಲಿ ಒಂದು ಭಾನುವಾರವಾದರೂ ಅವಿಲ್ಲದೆ ಕೂಡೋಣ. ಹೊಸಬರೊಬ್ಬರಿಗೆ ಹಳಬರೊಬ್ಬರು ಜೊತೆಯಾಗಲಿ, ತಪ್ಪು ಕನ್ನಡವನ್ನು ಸಭೆಯಲ್ಲಿ ತಿದ್ದುವುದು ಬೇಡ, ಬಂದವರ ಕೈಗೆ ಮೊದಲ ದಿನವೇ ಒಂದು ಕೆಲಸ ಕೊಡೋಣ ಎಂದು ಮುಂದಿನ ಸಭೆಯಲ್ಲಿ ಸೂಚನೆ ಮಂಡಿಸಲಿದ್ದೇನೆ. ವಿರೋಧ ಬರುತ್ತದೆ. ನಲವತ್ತು ವರ್ಷ ಈ ಬಳಗವನ್ನು ಕಾಪಾಡಿದವರ ಮಾತನ್ನು ನಾನು ಕೇಳಲೇಬೇಕು.

ಸೂಚನೆಯ ಕರಡನ್ನು ಮಗಳಿಗೆ ಓದಿ ಹೇಳಿದೆ. ಈಗ ಅವಳಿಗೆ ಹದಿನೇಳು. “ಸ್ಟೇಜ್ ಇರಲ್ಲ ತಾನೇ?” ಎಂದು ಕೇಳಿದಳು. ಇಲ್ಲವೆಂದೆ. ನೋಡೋಣ ಎಂದಿದ್ದಾಳೆ.